ಒಳಟೈರಿನ ಹಿತ್ತಾಳೆ ಮುಚ್ಚಳ

ಗಾಳಿಯಕ್ಕ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಸೋಪುನೀರಿನ ಬಕೆಟ್, ಕೈಯಲ್ಲಿ ಸವೆದ ಹಲ್ಲುಜ್ಜುವ ಬ್ರಷ್. ಒಣಗಿದ ಕೆಸರಿನ ಮೇಲೆ ನೀರು ಹನಿಸಿ, ಅದು ಮೆತ್ತಗಾಗುವ ತನಕ ಕಾದು, ಉಜ್ಜಿ, ಬಟ್ಟೆಯಿಂದ ಒರೆಸುತ್ತಿದ್ದಳು. ಒಂದು ಅಂಗೈಯಗಲ ಮುಗಿದ ಮೇಲೆ ಇನ್ನೊಂದು ಅಂಗೈಯಗಲ.

ಅದು ಲಾರಿ ಯಾರ್ಡಿನ ಶೆಡ್ಡು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಪೇದೆ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಟೈರಿನ ನಂಬರು ಫೋಟೋದಲ್ಲಿ ಕಾಣುವಂತೆ ತೊಳೆದುಕೊಡಬೇಕು, ಏನನ್ನೂ ಬಿಚ್ಚಬಾರದು ಎಂದು ಇನ್‌ಸ್ಪೆಕ್ಟರ್ ಹೇಳಿ ಹೋಗಿದ್ದರು.

ಮೊನ್ನೆ ಇದೇ ಚಕ್ರ ಇಳಿಜಾರಿನಲ್ಲಿ ಸಿಡಿದು, ಅವಳ ತಮ್ಮ ಓಡಿಸುತ್ತಿದ್ದ ಲಾರಿ ಮಗುಚಿ, ರಸ್ತೆ ಗುಡಿಸುತ್ತಿದ್ದ ಮುದುಕನೊಬ್ಬ ಸತ್ತಿದ್ದ. ತಮ್ಮ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಗಾಳಿ ನೋಡದೆ ಗಾಡಿ ಹೊರಡಿಸಿದ ಎಂದು ಇವತ್ತು ಸಂಜೆ ವರದಿ ಹೋಗುವುದಿತ್ತು. ಹೋದರೆ, ಪ್ಲಾಸ್ಟರ್ ಬಿಚ್ಚಿದ ದಿನವೇ ಅವನು ಜೈಲಿಗೆ.

ವರದಿ ಬರೆಯುವವರನ್ನು ಬೈಯುವಂತೆಯೂ ಇರಲಿಲ್ಲ. ಟೈರೇ ಸಾಕ್ಷಿ ಹೇಳುತ್ತಿತ್ತು. ಒಳಮೈಯ ರಬ್ಬರು ಸುಟ್ಟು, ಉಜ್ಜಿದರೆ ಕರಿ ಪುಡಿಯಾಗಿ ಉದುರುತ್ತಿತ್ತು. ಗಾಳಿ ಕಡಿಮೆಯಿದ್ದು, ಭಾರ ಹೊತ್ತು, ಬಹಳ ದೂರ ಓಡಿದ ಟೈರು ಮಾತ್ರ ಹೀಗಾಗುತ್ತದೆ. ಲಾರಿಯ ಹಿಂಭಾಗದಲ್ಲಿ ಟೈರುಗಳು ಜೋಡಿ ಜೋಡಿ. ಒಳಗಿನದರ ಗಾಳಿ ಇಳಿದರೂ ಹೊರಗಿನದು ಭಾರ ಹೊತ್ತು ನಿಲ್ಲುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಸಿಡಿದದ್ದು ಎಡಗಡೆಯ ಒಳಗಿನದು.

ಆದರೆ ತಮ್ಮ ಗಾಳಿ ನೋಡದೆ ಹೊರಟಿರಲಿಲ್ಲ. ಅವತ್ತು ಬೆಳಿಗ್ಗೆ ಯಾರ್ಡಿನ ಗೇಟಿನ ಪಕ್ಕದಲ್ಲಿರುವ ಅವಳದೇ ಗಾಳಿ ಅಂಗಡಿಯ ಮುಂದೆ, ಅವಳ ಕಣ್ಣೆದುರೇ, ಒಂದೊಂದು ಟೈರಿಗೂ ಮೀಟರ್ ಒತ್ತಿ ನೋಡಿದ್ದ. ಗಂಡನೂ ಪೊಲೀಸರಿಗೆ ಅದನ್ನೇ ಹೇಳಿದ್ದ. ಅಕ್ಕ ಭಾವನ ಮಾತನ್ನು ಯಾರು ಸಾಕ್ಷಿ ಅನ್ನುತ್ತಾರೆ?

ಬ್ರಷ್ ವಾಲ್ವಿನ ಹತ್ತಿರ ಬಂತು. ಅವಳ ಕೈ ನಿಂತಿತು.

ಚಕ್ರದ ಕಬ್ಬಿಣದ ಮೇಲೆ ಬ್ರೇಕಿನ ಕಪ್ಪು ಧೂಳು ಎಲ್ಲ ಕಡೆ ಒಂದೇ ಸಮನೆ ಕೂತಿತ್ತು. ವಾಲ್ವಿನ ಪಕ್ಕದಲ್ಲಿ ಮಾತ್ರ ಬೀಸಣಿಗೆ ಬಿಚ್ಚಿಟ್ಟ ಆಕಾರದಲ್ಲಿ ಒಂದು ಜಾಗ ಚೊಕ್ಕಟವಾಗಿತ್ತು. ಯಾರೋ ಅಲ್ಲೇ ಬಾಯಿಟ್ಟು ಊದಿ ಊದಿ ಧೂಳು ಹಾರಿಸಿದ ಹಾಗೆ.

ಅವಳು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು.

“ಪೇದೆಯವರೇ, ಸ್ವಲ್ಪ ಬನ್ನಿ.”

“ಮುಗೀತಾ?”

“ಈ ವಾಲ್ವಿನ ಕ್ಯಾಪ್ ನೀವೇ ಬಿಚ್ಚಿ. ನಾನು ಮುಟ್ಟಲ್ಲ.”

“ಮೆಕ್ಯಾನಿಕ್ ನಿನ್ನೇನೇ ಬಿಚ್ಚಿ ನೋಡಿದಾನಲ್ಲ. ಮೊಳೆಯಿಂದ ಪಿನ್ನು ಒತ್ತಿದ, ವಾಲ್ವ್ ಸರಿಯಾಗಿದೆ ಅಂದ, ಮತ್ತೆ ಕ್ಯಾಪ್ ಹಾಕಿದ.”

“ಅವರು ವಾಲ್ವ್ ನೋಡಿದ್ರು. ಕ್ಯಾಪ್ ನೋಡಲಿಲ್ಲ.”

“ಕ್ಯಾಪಲ್ಲಿ ಏನಿರುತ್ತೆ, ತಾಯಿ?” ಪೇದೆ ಗೊಣಗುತ್ತಲೇ ಹೊಟ್ಟೆ ಹಿಡಿದುಕೊಂಡು ಬಗ್ಗಿದ. “ನನ್ನ ಮದುವೇಲೂ ನಾನು ಇಷ್ಟು ಬಗ್ಗಿರಲಿಲ್ಲ.”

ಹಿತ್ತಾಳೆಯ ಪುಟ್ಟ ಮುಚ್ಚಳ ಅವನ ಅಂಗೈಗೆ ಬಂತು. ಗಾಳಿಯಕ್ಕ ಮೊಬೈಲಿನ ಬೆಳಕು ಹಿಡಿದಳು.

ಮುಚ್ಚಳದ ತಳದಲ್ಲಿ, ಮೆಣಸಿನಕಾಳಿಗಿಂತ ಚಿಕ್ಕದಾದ ಉಕ್ಕಿನ ಗುಂಡೊಂದು ಮಿನುಗಿತು. ಸೈಕಲ್ಲಿನ ಬೇರಿಂಗಿನಲ್ಲಿ ಇರುವಂಥದು. ಪಂಕ್ಚರ್ ಹಾಕುವ ಅಂಟಿನಿಂದ ಅದನ್ನು ಅಲ್ಲಿ ಕೂರಿಸಿದ್ದರು. ಗಾಳಿ ಸೋರದಂತೆ ಒಳಗೆ ಇರಬೇಕಾದ ಕೆಂಪು ರಬ್ಬರಿನ ವಾಷರ್ ಇರಲಿಲ್ಲ.

“ಇದೇನಿದು?”

“ಕ್ಯಾಪ್ ಬಿಗಿ ಮಾಡಿದ್ರೆ ಈ ಗುಂಡು ವಾಲ್ವಿನ ಒಳಗಿನ ಪಿನ್ನನ್ನ ಒತ್ತುತ್ತೆ. ಗಾಳಿ ಹೊರಡುತ್ತೆ. ಒಂದೇ ಸಲಕ್ಕಲ್ಲ, ಇಷ್ಟಿಷ್ಟೇ. ಕ್ಯಾಪ್ ಬಿಚ್ಚಿದ ತಕ್ಷಣ ಸೋರೋದು ನಿಲ್ಲುತ್ತೆ. ಆಮೇಲೆ ಯಾರು ಬಂದು ನೋಡಿದ್ರೂ ವಾಲ್ವ್ ಸರಿಯಾಗಿದೆ ಅಂತಾನೇ ಹೇಳೋದು.”

ಪೇದೆ ಗುಂಡನ್ನು ನೋಡಿದ. ಧೂಳಿಲ್ಲದ ಜಾಗವನ್ನು ನೋಡಿದ. ಕೊನೆಗೆ ಅವಳ ಮುಖ ನೋಡಿದ.

“ಅಂದ್ರೆ ಇದು ತಾನಾಗೇ ಆಗಿದ್ದಲ್ಲ.”

“ಅಲ್ಲ.”

ಬಾಗಿಲಲ್ಲಿ ನೀರು ತುಳುಕಿದ ಸದ್ದಾಯಿತು. ಗಂಡ ಇನ್ನೊಂದು ಬಕೆಟ್ ಹಿಡಿದುಕೊಂಡು ನಿಂತಿದ್ದ. ಮಾತು ಕಡಿಮೆಯ ಮನುಷ್ಯ. ತಮ್ಮ ಆಸ್ಪತ್ರೆ ಸೇರಿದಾಗಿನಿಂದ ಅಂಗಡಿಯ ಕೆಲಸವನ್ನೆಲ್ಲ ಒಬ್ಬನೇ ಹೊತ್ತುಕೊಂಡಿದ್ದ.

“ನೀರು ಬದಲಾಯಿಸ್ಕೋ,” ಎಂದ. ಬಕೆಟ್ ಇಟ್ಟ. ಹೊರಡುವ ಮೊದಲು ತಿರುಗಿ ಕೇಳಿದ, “ಏನಾದ್ರೂ ಸಿಕ್ತಾ?”

“ಸಿಕ್ತು,” ಎಂದಳು ಗಾಳಿಯಕ್ಕ.

ಅವನು ಏನು ಸಿಕ್ಕಿತು ಎಂದು ಕೇಳಲಿಲ್ಲ.

*

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಬಿಸಿಲು ಅಂಗಡಿಯ ಮೆಟ್ಟಿಲು ಮುಟ್ಟಿತ್ತು. ಮುಚ್ಚಳವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಈ ಕ್ಯಾಪ್ ಯಾರದು?”

“ನಮ್ಮ ಅಂಗಡಿದೇ ಸರ್. ಹಿತ್ತಾಳೆ ಕ್ಯಾಪು. ಯಾರ್ಡಿನ ಅರ್ಧಕ್ಕರ್ಧ ಲಾರೀಲಿ ಇದೇ ಇದೆ.”

“ಅಂದ್ರೆ ಯಾರು ಬೇಕಾದ್ರೂ ಒಂದನ್ನ ತಗೊಂಡು ಈ ಕೆಲಸ ಮಾಡಬಹುದು.”

“ಹೌದು ಸರ್. ಗಾಳಿ ವಿಷಯ ಗೊತ್ತಿರೋರು ಯಾರು ಬೇಕಾದ್ರೂ.”

“ಗೊತ್ತಿರೋರು ಇಲ್ಲಿ ಎಷ್ಟು ಜನ?”

“ಇಲ್ಲಿ ಗೊತ್ತಿಲ್ಲದೆ ಇರೋರು ನೀವೊಬ್ರೇ ಸರ್,” ಎಂದು ಪೇದೆ ಹೇಳಿಬಿಟ್ಟು, ಆಮೇಲೆ ಛಾವಣಿ ನೋಡುತ್ತ ನಿಂತ.

ಒಳಗಿನಿಂದ ಅತ್ತೆ ಚಹಾ ತಂದರು. ಮಾವ ತೀರಿಕೊಂಡ ಮೇಲೆ ಮನೆಯ ಹಿಂದಿನ ರೀಟ್ರೆಡ್ ಶೆಡ್ಡನ್ನು ಅವರೇ ನಡೆಸುತ್ತಿದ್ದರು. ಸವೆದ ಟೈರಿಗೆ ಹೊಸ ರಬ್ಬರಿನ ಪಟ್ಟಿ ಅಂಟಿಸಿ, ಕಾಯಿಸಿ, ಹೊಸದರಂತೆ ಮಾಡಿಕೊಡುವ ಕೆಲಸ. ಅಷ್ಟು ವಯಸ್ಸಾದರೂ ಟೈರನ್ನು ಒಂದೇ ಕೈಯಲ್ಲಿ ಉರುಳಿಸುತ್ತಿದ್ದರು.

“ತಗೊಳ್ಳಿ ಸಾಹೇಬ್ರೇ. ಒಂದು ಮಾತು ಹೇಳಲಾ? ಸಿಡಿದದ್ದು ಹೊಸಾ ಟೈರು. ಕಂಪನಿಯಿಂದ ಬಂದ ಹೊಸಾ ಟೈರು.”

“ಗೊತ್ತಮ್ಮ.”

“ನೀವು ಬರೀವಾಗ ಅದನ್ನೂ ಬರೀರಿ. ಇಳಿಜಾರಿನ ದಾರಿಗೆ ರೀಟ್ರೆಡ್ ಹಾಕಬೇಡಿ ಅಂತ ನಮ್ಮ ಬೀಗರ ಹುಡುಗನೇ ಲಾರಿ ಧಣಿಗೆ ಹೇಳಿ ನಿಲ್ಲಿಸಿದ. ಈಗ ನೋಡಿ, ಹೊಸದೇ ಸಿಡೀತು. ಸುಮ್ಮನೆ ನಮ್ಮ ಕೆಲಸದ ಮೇಲೆ ಗೂಬೆ ಕೂರಿಸಿದ್ರು.”

“ಅತ್ತೆ,” ಎಂದಳು ಗಾಳಿಯಕ್ಕ.

“ಬೇಜಾರಿಗೆ ಹೇಳ್ತಿಲ್ಲ ಕಣೇ. ಅವನು ನನ್ನ ಮಗನ ಹಾಗೇನೇ. ಬೇಗ ಎದ್ದು ಬರಲಿ.” ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಇನ್‌ಸ್ಪೆಕ್ಟರಿಗೆ ಟೈರು ಹೊಸದೋ ಹಳೆಯದೋ ಬೇಕಿರಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಪಘಾತವಾದ ದಿನ ಮಧ್ಯಾಹ್ನ, ಲೋಡು ತೂಗುವ ಕಾಟಾದ ಸಾಲಿನಲ್ಲಿ ತಮ್ಮನ ಲಾರಿಯ ಹಿಂದೆಯೇ, ಎಲ್ಲರೂ ಮೀಸೆ ಎಂದು ಕರೆಯುವ ಡ್ರೈವರಿನ ಲಾರಿ ನಿಂತಿತ್ತು. ಮೀಸೆ ಇಳಿದು ಬಂದು ಮುಂದಿನ ಲಾರಿಯ ಹಿಂದಿನ ಚಕ್ರದ ಬಳಿ ಕೂತಿದ್ದನ್ನು ಕಾಟಾದವನು ಕಂಡಿದ್ದ.

ಯಾರ್ಡಿನ ಡ್ರೈವರುಗಳಲ್ಲಿ ಮೀಸೆ ಹಿರಿಯ. ಇಳಿಜಾರಿನ ದಾರಿ ಮೊದಲು ಅವನದು. ಹೋದ ತಿಂಗಳು ಧಣಿ ಅದನ್ನು ಗಾಳಿಯಕ್ಕನ ತಮ್ಮನಿಗೆ ಕೊಟ್ಟಾಗ, “ಆ ದಾರಿ ಹುಡುಗರಿಗಲ್ಲ, ಒಂದಿನ ನೋಡ್ಕೊಳ್ಳಿ,” ಎಂದು ಮೀಸೆ ಎಲ್ಲರ ಮುಂದೆ ಹೇಳಿದ್ದ. ಅವತ್ತಿನಿಂದ ಯಾರ್ಡಿಗೆ ಯಾರ್ಡೇ ಆ ಮಾತನ್ನು ಮೆಲುಕು ಹಾಕುತ್ತಿತ್ತು.

“ಅವನನ್ನ ಕರೆಸಿ,” ಎಂದರು ಇನ್‌ಸ್ಪೆಕ್ಟರ್.

*

ಮೀಸೆ ಕೈ ಒರೆಸಿಕೊಳ್ಳುತ್ತ ಬಂದ. ಕೂರಲು ಹೇಳುವ ಮೊದಲೇ ಒಂದು ಹಳೆಯ ಟೈರಿನ ಮೇಲೆ ಕೂತ. ಇನ್‌ಸ್ಪೆಕ್ಟರ್ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದರು. ಅವರ ಬೆನ್ನ ಹಿಂದೆ, ತಮ್ಮ ತನ್ನ ಕೈಯಾರೆ ಬರೆದ ಬೋರ್ಡು: ‘ಗಾಡಿ ಓಡುವ ಮುಂಚೆ ಗಾಳಿ ನೋಡಿಸಿ. ಬಿಸಿ ಟೈರಿನ ಅಳತೆ ನಂಬಬೇಡಿ.’ ಬಿಸಿಲಿಗೆ ಅಕ್ಷರ ಮಾಸಿತ್ತು. ದಿನಾ ನೋಡುವವರು ಯಾರೂ ಅದನ್ನು ಓದುತ್ತಿರಲಿಲ್ಲ.

“ಕಾಟಾದ ಹತ್ತಿರ ಅವನ ಚಕ್ರದ ಪಕ್ಕ ಕೂತಿದ್ದೆಯಾ?”

“ಕೂತಿದ್ದೆ.”

“ಯಾಕೆ?”

“ಒಳಟೈರು ನೋಡೋಕೆ. ಕಾಟಾ ಸಾಲಲ್ಲಿ ಹಿಂದಿರೋನು ಮುಂದಿರೋನ ಒಳಟೈರು ನೋಡೋದು ನಮ್ಮಲ್ಲಿ ಮೊದಲಿಂದ ಇರೋದು, ಸಾಹೇಬ್ರೇ. ಸಾಲು ಜರುಗ್ತಾ ಇರುತ್ತೆ, ಮುಂದಿನವನು ಸ್ಟೇರಿಂಗ್ ಬಿಟ್ಟು ಇಳಿಯೋ ಹಾಗಿಲ್ಲ. ಅವನದ್ದು ನಾನು ನೋಡ್ತೀನಿ. ನನ್ನದ್ದು ನನ್ನ ಹಿಂದಿರೋನು ನೋಡ್ತಾನೆ.”

“ಕೊನೇಲಿರೋನದ್ದು?”

“ಅವನದ್ದು ದೇವರು ನೋಡ್ಕೋತಾನೆ.”

ಪೇದೆ ಕೆಮ್ಮಿದ. ಇನ್‌ಸ್ಪೆಕ್ಟರ್ ನಗಲಿಲ್ಲ.

“ನಿನ್ನ ದಾರಿ ಕಿತ್ಕೊಂಡವನ ಟೈರನ್ನ ನೀನು ಅಷ್ಟು ಪ್ರೀತಿಯಿಂದ ನೋಡಿದೆ?”

ಮೀಸೆಯ ಮುಖ ಬಿಗಿಯಾಯಿತು. “ದಾರಿ ಕೊಟ್ಟಿದ್ದು ಧಣಿ. ಅವನ ಮೇಲೆ ನನಗೆ ಕೋಪ ಇತ್ತು, ಇಲ್ಲ ಅನ್ನಲ್ಲ. ಬಾಯಿಗೆ ಬಂದದ್ದು ಆಡಿದೀನಿ. ಆದ್ರೆ ಟೈರು ಏನು ಮಾಡಿತ್ತು?”

ಗಾಳಿಯಕ್ಕ ಕಂಪ್ರೆಸರ್ ಪಕ್ಕ ನಿಂತಿದ್ದಳು. ಬೆಳಿಗ್ಗೆಯಿಂದ ಅವಳಿಗೂ ಅನುಮಾನ ಈ ಮನುಷ್ಯನ ಮೇಲೆಯೇ. ಅವನ ಕೈ ನೋಡಿದಳು. ದಪ್ಪ ಬೆರಳುಗಳು, ಉಗುರಿನ ಸುತ್ತ ಗ್ರೀಸು. ಈ ಬೆರಳುಗಳಿಂದ ಅಷ್ಟು ಸಣ್ಣ ಗುಂಡನ್ನು ಅಷ್ಟು ನಾಜೂಕಾಗಿ ಅಂಟಿಸುವುದು ಸಾಧ್ಯವೇ?

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಸರ್, ನಾನೊಂದು ಕೇಳಲಾ?”

“ಕೇಳಮ್ಮ.”

“ಕ್ಯಾಪ್ ಬಿಚ್ಚಿದ್ರಾ, ಅಣ್ಣಾ?”

“ಬಿಚ್ಚಿದೆ, ಅಕ್ಕಾ.” ಅವಳಿಗಿಂತ ಎರಡರಷ್ಟು ವಯಸ್ಸಾಗಿದ್ದರೂ ಯಾರ್ಡಿನ ಎಲ್ಲರಂತೆ ಅವನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. “ಮೊದಲು ಮರದ ಸುತ್ತಿಗೇಲಿ ಬಡಿದು ನೋಡಿದೆ. ಸದ್ದು ಯಾಕೋ ಸರಿ ಬರಲಿಲ್ಲ. ಠಣ್ ಅನ್ನಬೇಕಾದದ್ದು ದಬ್ ಅಂತು. ಅದಕ್ಕೇ ಮೀಟರ್ ಹಾಕಿದೆ.”

“ಕ್ಯಾಪ್ ಒಳಗೆ ನೋಡಿದ್ರಾ?”

“ಕ್ಯಾಪ್ ಒಳಗೆ ಯಾರು ನೋಡ್ತಾರೆ? ಎರಡು ಟೈರಿನ ಸಂದೀಲಿ ಕೈ ತೂರಿಸಿ, ಕಣ್ಣುಮುಚ್ಚಿ ಬಿಚ್ಚೋದು. ಅಂಗೈಲಿ ಇಟ್ಕೊಂಡಿದ್ದೆ. ಮೀಟರ್ ನೋಡಿ ಮತ್ತೆ ತಿರುಗಿಸಿದೆ.”

“ಮೀಟರ್ ಎಷ್ಟು ತೋರಿಸ್ತು?”

“ನೂರಾ ಹತ್ತು.” ಮೀಸೆ ಎದೆ ತಟ್ಟಿಕೊಂಡ. “ನಿನ್ನ ತಮ್ಮ ಬೆಳಿಗ್ಗೆ ಎಷ್ಟಿತ್ತು ಅಂದಿದ್ನೋ ಅಷ್ಟೇ. ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ. ಕಿವಿ ಬೇಡ ಅಂತು, ಮೀಟರ್ ಸರಿ ಅಂತು. ಮೀಟರ್ ನಂಬಿದೆ. ಕಿಟಕಿ ಹತ್ರ ಹೋಗಿ, ‘ಸರಿಯಾಗಿದೆ ಹೋಗೋ’ ಅಂತ ನಾನೇ ಹೇಳಿದೆ.”

ಗಾಳಿಯಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಕೈ ಕಂಪ್ರೆಸರಿನ ಪೈಪಿನ ಮೇಲೆ ಹಾಗೇ ಉಳಿಯಿತು.

ಮುಂದೆ ಕೇಳಿದ್ದು ಇನ್‌ಸ್ಪೆಕ್ಟರ್. “ಅಂದ್ರೆ ನೀನು ಮುಟ್ಟೋ ತನಕ ಗಾಳಿ ಸರಿಯಾಗಿತ್ತು.”

“ಸರಿಯಾಗೇ ಇತ್ತು.”

“ನೀನು ಮುಟ್ಟಿದ ಮೇಲೆ ಇಳಿದು ಹೋಯ್ತು.”

ಮೀಸೆ ತನ್ನ ಅಂಗೈ ನೋಡಿಕೊಂಡ.

“ಒಂದು ಕ್ಯಾಪ್ ಬಿಚ್ಚಿದೆ, ಗುಂಡು ಅಂಟಿಸಿದ್ದ ಇನ್ನೊಂದು ಕ್ಯಾಪ್ ಹಾಕಿದೆ. ಒಳ್ಳೇವನ ಹಾಗೆ ಕಿಟಕಿ ಹತ್ರ ಹೋಗಿ ‘ಹೋಗೋ’ ಅಂದೆ.” ಇನ್‌ಸ್ಪೆಕ್ಟರ್ ಗೋಡೆ ಬಿಟ್ಟು ನೆಟ್ಟಗಾದರು. “ಏಳು. ಜೀಪ್ ಹತ್ತು.”

“ಸಾಹೇಬ್ರೇ, ಮಕ್ಕಳ ಮೇಲಾಣೆ. ನಾನು ಆ ಹುಡುಗನ್ನ ಸ್ಟೇರಿಂಗ್ ಹಿಡಿಯೋಕೆ ಕಲಿಸಿದೋನು.”

“ಆಣೆ ಎಲ್ಲ ನಾಳೆ ಕೋರ್ಟಲ್ಲಿ ಮಾಡು.”

ಪೇದೆ ಅವನ ತೋಳು ಹಿಡಿದ. ಮೀಸೆ ಹೋಗುತ್ತ ಹೋಗುತ್ತ ತಿರುಗಿ ನೋಡಿದ. ಅಲ್ಲಿಯ ತನಕ ಇನ್‌ಸ್ಪೆಕ್ಟರ್ ಮರೆ ಮಾಡಿದ್ದ ಗೋಡೆ ಈಗ ಪೂರ್ತಿ ಕಾಣುತ್ತಿತ್ತು. ಅವನ ಕಣ್ಣು ಬೋರ್ಡಿನ ಮೇಲೆ ನಿಂತಿತು. ತುಟಿ ಅಲುಗಿತು, ಮೊದಲ ಸಲ ಓದುವವನಂತೆ.

“ಅಕ್ಕಾ,” ಎಂದ. “ಬೋರ್ಡು.”

“ಏನು ಬೋರ್ಡು? ಹತ್ತು ಮೊದಲು,” ಎಂದರು ಇನ್‌ಸ್ಪೆಕ್ಟರ್.

“ಅಕ್ಕಾ, ನಿನಗೆ ಗೊತ್ತಲ್ಲ. ನೀನು ಹೇಳು ಇವರಿಗೆ.”

ಅವಳಿಗೆ ಗೊತ್ತಿತ್ತು. ಅವನು ನೂರಾ ಹತ್ತು ಎಂದ ಕ್ಷಣದಲ್ಲೇ ಗೊತ್ತಾಗಿತ್ತು. ಅವಳು ನೆಲದ ಕಡೆ ನೋಡಿದಳು.

ಜೀಪು ಗೇಟು ದಾಟಿತು.

ಇನ್‌ಸ್ಪೆಕ್ಟರ್ ಕಿಟಕಿಯಿಂದ ಹೊರಗೆ ತಲೆ ಹಾಕಿ, “ವರದಿ ನಿಲ್ಲಿಸ್ತೀನಮ್ಮ. ನಿನ್ನ ತಮ್ಮ ಬಚಾವಾದ,” ಎಂದದ್ದು ಯಾರ್ಡಿಗೆಲ್ಲ ಕೇಳಿತು.

*

ತಣ್ಣಗಿರುವ ಟೈರಿನಲ್ಲಿ ನೂರಾ ಹತ್ತು ಪೌಂಡ್ ಗಾಳಿಯಿದ್ದರೆ, ಬಿಸಿಲಲ್ಲಿ ಭಾರ ಹೊತ್ತು ಓಡಿ ಬಂದ ಮೇಲೆ ಮೀಟರ್ ಅಷ್ಟೇ ತೋರಿಸುವುದಿಲ್ಲ. ಟೈರು ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಮುಳ್ಳು ನೂರಾ ಇಪ್ಪತ್ತರ ಆಚೆಗೆ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಗಾಡಿ ಹೊರಡುವ ಮುಂಚೆಯೇ ನೋಡಬೇಕು ಎನ್ನುವುದು. ಮಧ್ಯಾಹ್ನದ ಹೊತ್ತಿಗೆ ಕಾದ ಟೈರು ಸರಿಯಾಗಿ ನೂರಾ ಹತ್ತು ತೋರಿಸಿತೆಂದರೆ ಅದು ಸರಿಯಾಗಿರಲಿಲ್ಲ. ಅಷ್ಟು ಹೊತ್ತಿಗಾಗಲೇ ಗಾಳಿ ಸೋರಿತ್ತು.

ಮೀಸೆಯ ಕಿವಿ ನಿಜ ಹೇಳಿತ್ತು. ಅವನು ಮುಟ್ಟುವ ಮೊದಲೇ ಆ ಮುಚ್ಚಳ ಅಲ್ಲಿತ್ತು.

ಹಾಗಾದರೆ ಅದು ಬಂದದ್ದು ದಾರಿಯಲ್ಲಲ್ಲ. ಬೆಳಿಗ್ಗೆ ಗಾಡಿ ಹೊರಟ ಜಾಗದಿಂದ. ಈ ಅಂಗಡಿಯ ಮುಂದಿನಿಂದ.

ಗಾಳಿಯಕ್ಕ ಅಂಗಡಿಯ ಮುಂದಿನ ಎಣ್ಣೆ ಕಲೆಯ ನೆಲ ನೋಡುತ್ತ ನಿಂತಳು. ಅವತ್ತು ಬೆಳಿಗ್ಗೆ ಲಾರಿ ಇಲ್ಲೇ ನಿಂತಿತ್ತು. ತಮ್ಮ ಮೀಟರ್ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದ. ಅವನ ಹಿಂದೆ ಗಂಡ, ಒಂದೊಂದು ವಾಲ್ವಿಗೂ ಹೊಸ ಹಿತ್ತಾಳೆ ಮುಚ್ಚಳ ತಿರುಗಿಸುತ್ತ. ಈ ಅಂಗಡಿಯಲ್ಲಿ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಗಾಳಿ ನೋಡುವವನು ಒಬ್ಬ, ಮುಚ್ಚಳ ಬಿಗಿಯುವವನು ಇನ್ನೊಬ್ಬ. ಅರ್ಧ ತಿರುಗಿಸಿದ ಮುಚ್ಚಳ ಅಂಗಡಿಯ ಮರ್ಯಾದೆ ಕಳೆಯುತ್ತದೆ ಎಂದು ಮಾವ ಮಾಡಿಟ್ಟ ನಿಯಮ.

“ಏನ್ ಭಾವಾ, ಇವತ್ತು ಹಿತ್ತಾಳೆ? ಚಿನ್ನದ್ದು ಸಿಗಲಿಲ್ವಾ?” ಎಂದು ತಮ್ಮ ರೇಗಿಸಿದ್ದ.

“ಚಿನ್ನದ್ದು ನಿನ್ನ ಮದುವೆಗೆ,” ಎಂದಿದ್ದ ಗಂಡ.

ಮುಚ್ಚಳಗಳ ಡಬ್ಬಿ ಹಿಡಿದು ಹಿಂದೆ ಹಿಂದೆ ಹೋದವಳು ಅವಳೇ. ಗಂಡ ನೋಡದೆಯೇ ಕೈ ಚಾಚುತ್ತಿದ್ದ, ಅವಳು ಒಂದು ಕೊಡುತ್ತಿದ್ದಳು. ಅವನು ಚಾಚಿದ, ಅವಳು ಕೊಟ್ಟಳು. ಚಾಚಿದ, ಕೊಟ್ಟಳು.

ಎಡಗಡೆಯ ಒಳಟೈರಿನ ಹತ್ತಿರ ಅವನು ಕೈ ಚಾಚಲಿಲ್ಲ. ಅಂಗಿಯ ಜೇಬಿನಿಂದ ಒಂದು ಮುಚ್ಚಳ ತೆಗೆದ.

ಡಬ್ಬಿ ತುಂಬ ಇತ್ತು. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ.

“ಏನ್ ನೋಡ್ತಾ ಇದೀಯ ನೆಲದಲ್ಲಿ?”

ಬೆಚ್ಚಿದಳು. ಗಂಡ ಪೈಪನ್ನು ಸುತ್ತಿ ಗೂಟಕ್ಕೆ ಹಾಕುತ್ತಿದ್ದ.

“ಏನಿಲ್ಲ.”

“ಮೀಸೆನ ಕರ್ಕೊಂಡು ಹೋದ್ರಂತಲ್ಲ.”

“ಹೂಂ.”

“ಒಳ್ಳೇದಾಯ್ತು ಬಿಡು. ಇವನ ಮೇಲಿನ ಅಪವಾದ ಹೋಯ್ತಲ್ಲ.” ಅವನು ಪೈಪಿನ ತುದಿಯನ್ನು ಎರಡು ಸಲ ಒರೆಸಿದ. “ಇನ್ನು ಆ ಚಕ್ರ, ಕ್ಯಾಪು ಅಂತೆಲ್ಲ ತಲೆ ಕೆಡಿಸ್ಕೋಬೇಡ. ಪೊಲೀಸರ ಕೆಲಸ ಪೊಲೀಸರು ಮಾಡ್ಲಿ. ಅಮ್ಮನೂ ಅದೇ ಅಂದ್ರು.”

“ಅಮ್ಮ ಯಾವಾಗ ಅಂದ್ರು?”

ಗಂಡ ಅಂಗಡಿಯ ಒಳಗೆ ಹೋದ. ಕೇಳಿಸಲಿಲ್ಲವೋ, ಕೇಳಿಸಿಯೂ ಹೋದನೋ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯಿಂದ ತಮ್ಮನ ಫೋನ್ ಬಂತು. ವಾರ್ಡಿನ ಬಾಗಿಲಲ್ಲಿದ್ದ ಪೇದೆ ಸ್ಟೂಲು ಎತ್ತಿಕೊಂಡು ಹೋದನಂತೆ. ಅವನ ದನಿಯಲ್ಲಿ ಮೊನ್ನೆಯಿಂದ ಇಲ್ಲದ ಜೀವ ಬಂದಿತ್ತು. ಆಮೇಲೆ ಅವಳು ಮೀಸೆಯ ಸುದ್ದಿ ಹೇಳಿದಳು.

“ಮೀಸೆಯಣ್ಣನಾ? ಅಕ್ಕಾ, ಅವನು ಬೈತಾನೆ. ಬೈಯ್ಯೋದು ಬಿಟ್ರೆ ಅವನಿಗೇನೂ ಬರಲ್ಲ. ಸರಿಯಾಗಿ ನೋಡಿದ್ರಾ ನೀವು?”

“ಮಲಗು,” ಎಂದಳು. “ಕಾಲು ಅಲುಗಿಸಬೇಡ.”

*

ಸಂಜೆ ಮನೆಗೆ ಬಂದವಳು ಸೀದಾ ಬಚ್ಚಲಿಗೆ ಹೋದಳು. ಅಪಘಾತದ ಗಡಿಬಿಡಿಯಲ್ಲಿ ಒಗೆಯದೆ ಬಿಟ್ಟ ಬಟ್ಟೆ ಬುಟ್ಟಿಯಲ್ಲಿ ಹಾಗೇ ಇತ್ತು. ಗಂಡನ ಅವತ್ತಿನ ಕಂದು ಅಂಗಿ ಅಡಿಯಲ್ಲಿತ್ತು.

ಒಗೆಯುವ ಮೊದಲು ಜೇಬು ಹೊರಳಿಸಿ ನೋಡುವುದು ಅವಳ ರೂಢಿ. ಗಾಳಿ ಅಂಗಡಿಯವನ ಜೇಬಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ? ವಾಲ್ವಿನ ಪಿನ್ನು, ಮುರಿದ ಮೊಳೆ, ಒಮ್ಮೆ ಯಾರದೋ ಲಾರಿಯ ಕೀಲಿಯೇ ಸಿಕ್ಕಿತ್ತು.

ಇವತ್ತು ಅವಳ ಕೈ ಬೇಗ ಹೋಗಲಿಲ್ಲ.

ಜೇಬನ್ನು ಹೊರಳಿಸಿದಳು. ಮಡಿಕೆಯಲ್ಲಿ ಒಂದಿಷ್ಟು ಧೂಳು. ಧೂಳಿನ ಜೊತೆ, ಪಂಕ್ಚರ್ ಅಂಟಿನಿಂದ ಹೊಲಿಗೆಗೆ ಕಚ್ಚಿಕೊಂಡಿದ್ದ ಒಂದು ಚಿಕ್ಕ ಉಂಗುರ. ಕೆಂಪು ರಬ್ಬರು. ಹೊಸ ಮುಚ್ಚಳದಿಂದ ಸೂಜಿಯ ಮೊನೆಯಲ್ಲಿ ಎಬ್ಬಿಸಿ ತೆಗೆದದ್ದು, ಒಂದು ಕಡೆ ಚುಚ್ಚಿದ ಗುರುತಿತ್ತು.

ಬಕೆಟ್ಟಿನಲ್ಲಿ ನೀರು ತುಂಬಿ ಹರಿಯಿತು. ಅವಳು ನಲ್ಲಿ ನಿಲ್ಲಿಸುವುದನ್ನು ಮರೆತಳು.

ಆ ಉಂಗುರವನ್ನು ಚರಂಡಿಗೆ ಬಿಟ್ಟರೆ ಮುಗಿಯಿತು. ತಮ್ಮ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ, ಗಂಡ ಮನೆಯಲ್ಲಿ ಇರುತ್ತಾನೆ, ಅಂಗಡಿಯ ಬಾಗಿಲು ಬೆಳಿಗ್ಗೆ ಎಂದಿನಂತೆ ತೆರೆಯುತ್ತದೆ. ಮೀಸೆಗೆ ಎರಡು ಹೆಣ್ಣುಮಕ್ಕಳು. ಚಿಕ್ಕವಳು ಅಪ್ಪನ ಲಾರಿಯ ಹಾರ್ನ್ ಕೇಳಿದರೆ ಗೇಟಿನ ತನಕ ಓಡಿ ಬರುತ್ತಾಳೆ.

“ನೀರು ಹರೀತಿದೆ ಕಣೇ,” ಎಂದರು ಅತ್ತೆ ಅಡುಗೆಮನೆಯಿಂದ. “ಬಾ, ಊಟಕ್ಕೆ ಹಾಕಿದೀನಿ. ಇವತ್ತಾದ್ರೂ ಹೊಟ್ಟೆ ತುಂಬ ತಿನ್ನು. ಗಂಡಾಂತರ ಕಳೀತಲ್ಲ.”

ಗಂಡ ಆಗಲೇ ಮೇಜಿನ ಮುಂದೆ ಕೂತಿದ್ದ. ತಟ್ಟೆಯಿಂದ ಆವಿ ಏಳುತ್ತಿತ್ತು. ಅವಳು ಒದ್ದೆ ಕೈಯಲ್ಲೇ ಬಂದು, ಒಂದು ಸಾಸರನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ಅದರಲ್ಲಿ ಕೆಂಪು ವಾಷರ್ ಇಟ್ಟಳು.

“ನಿಮ್ಮ ಅಂಗಿ ಜೇಬಲ್ಲಿ ಇತ್ತು, ರೀ.”

ತುತ್ತು ಕಲಸುತ್ತಿದ್ದ ಬೆರಳು ನಿಂತವು.

“ಅವತ್ತು ಬೆಳಿಗ್ಗೆ ಎಲ್ಲ ಕ್ಯಾಪೂ ಡಬ್ಬಿಯಿಂದ ತಗೊಂಡ್ರಿ. ಎಡಗಡೆ ಒಳಟೈರಿಂದು ಮಾತ್ರ ಜೇಬಿಂದ ತೆಗೆದ್ರಿ. ಡಬ್ಬಿ ನನ್ನ ಕೈಲೇ ಇತ್ತು.”

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಇಲ್ಲವೇ ನಗುತ್ತಾನೆ, ‘ನಿನಗೇನು ಹುಚ್ಚಾ’ ಅನ್ನುತ್ತಾನೆ.

ಗಂಡ ವಾಷರನ್ನು ನೋಡಲೇ ಇಲ್ಲ. ನಿಧಾನವಾಗಿ ತಲೆಯೆತ್ತಿ, ಒಲೆಯ ಮುಂದೆ ನಿಂತಿದ್ದ ತಾಯಿಯ ಮುಖ ನೋಡಿದ. ಅಂಗಡಿಯಲ್ಲಿ ಅವಳು ದಿನಾ ನೋಡುವ ಮುಖವಲ್ಲ ಅದು. ಏನು ಹೇಳಲಿ ಎಂದು ಕೇಳುತ್ತಿದ್ದವನ ಮುಖ.

ಅತ್ತೆ ಸೌಟನ್ನು ಪಾತ್ರೆಗೆ ಹಾಕಿದರು. ಒಲೆಯ ಉರಿ ಸಣ್ಣ ಮಾಡಿದರು. ಸೆಟೆದು ನಿಂತ ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ, ಎಷ್ಟು ತೊಳೆದರೂ ಹೋಗದ ರಬ್ಬರಿನ ಅಂಟು ಕಪ್ಪಗೆ ಒಣಗಿತ್ತು.

ಗಾಳಿಯಕ್ಕ ಇಬ್ಬರನ್ನೂ ನೋಡಿದಳು. ‘ಈಗ ನೋಡಿ, ಹೊಸದೇ ಸಿಡೀತು’ ಎಂದಿದ್ದ ಅತ್ತೆಯ ಮಾತಿಗೆ ಈಗ ಬೇರೆ ಅರ್ಥ ಬಂತು: ಹೊಸ ಟೈರು ಸಿಡಿದರೆ ಧಣಿ ಮತ್ತೆ ರೀಟ್ರೆಡ್ಡಿಗೆ ಬರುತ್ತಾನೆ.

“ಬೆಳಿಗ್ಗೆ ಸ್ಟೇಷನ್ನಿಗೆ ಹೋಗಬೇಕು ನಾನು,” ಎಂದಳು. “ಆ ಕ್ಯಾಪ್ ಜೇಬಿಗೆ ಹೇಗೆ ಬಂತು, ಇಬ್ಬರಲ್ಲಿ ಯಾರಾದ್ರೂ ಒಬ್ರು ಹೇಳಿ.”

ಬಚ್ಚಲಿನಲ್ಲಿ ನೀರು ಇನ್ನೂ ಹರಿಯುತ್ತಿತ್ತು.